ಬಾವಿ ಇದ್ದ ಜಾಗ

ಮಾಸುಂಬಿಗೆ ಹನ್ನೊಂದು ವರ್ಷವಿದ್ದಾಗ ಅವಳ ಊರು ಕೆರೆಯೊಳಗೆ ಹೋಯಿತು. ಮಸ್ಕಿಯ ಆಚೆ ಗುಡ್ಡಗಳ ನಡುವೆ ಒಡ್ಡು ಕಟ್ಟಿದರು, ನೀರು ನಿಂತಿತು, ಜನ ದಿಕ್ಕಿಗೊಬ್ಬರಾದರು. ಅವಳ ಅಪ್ಪ ಸಿಂಧನೂರಿಗೆ ಬಂದ. ಈಗ ಅವಳಿಗೆ ಐವತ್ತಾರು. ತವರಿನವರಾಗಲಿ ಗಂಡನಾಗಲಿ ಉಳಿದಿಲ್ಲ, ಮಕ್ಕಳಾಗಲಿಲ್ಲ. ಶಾಲೆಯೊಂದರಲ್ಲಿ ಬಿಸಿಯೂಟ ಬೇಯಿಸುತ್ತಾಳೆ. ಬೇಸಿಗೆ ರಜೆ ಬಂತೆಂದರೆ ದಿನಗಟ್ಟಲೆ ಅವಳ ದನಿ ಅವಳಿಗೇ ಕೇಳಿಸುವುದಿಲ್ಲ.

ಆ ಮೇ ತಿಂಗಳು ಕಿರಾಣಿ ಅಂಗಡಿಯವನು ಮೊಬೈಲಿನಲ್ಲಿ ವಿಡಿಯೋ ತೋರಿಸಿದ. ಕೆರೆ ಬತ್ತಿ ಹಳೆಯ ಗೋಡೆಗಳು ಮೇಲೆದ್ದಿದ್ದವು. ಮರುದಿನ ಮುಂಜಾನೆಯ ಬಸ್ಸಿಗೇ ಹೊರಟಳು.

ಒಡ್ಡು ಇಳಿದು ಒಣಗಿದ ಹೂಳಿನ ಮೇಲೆ ನಡೆದಳು. ಗೋಡೆಗಳು ಮೊಣಕಾಲೆತ್ತರ ಉಳಿದಿದ್ದವು. ಬಹಳ ಹೊತ್ತು ಹುಡುಕಿದ ಮೇಲೆ, ನೆಲದಲ್ಲಿ ಹೂತಿದ್ದ ಒರಳು ಸಿಕ್ಕಿತು. ಅದರ ಒಂದು ಅಂಚು ಒಡೆದಿತ್ತು. ಚಿಕ್ಕಂದಿನಲ್ಲಿ ಒಡೆದವಳು ಅವಳೇ. ಪಕ್ಕದಲ್ಲಿ ಕೂತು, ಒಳಗಿನ ಮಣ್ಣನ್ನು ಬೆರಳಿನಿಂದ ಕೆದರಿ ತೆಗೆದಳು. ಈಗ ಬೈಯುವುದಕ್ಕೂ ಯಾರೂ ಇರಲಿಲ್ಲ.

ಕೆರೆ ನೋಡಲು ಬಂದಿದ್ದ ಹುಡುಗಿಯೊಬ್ಬಳು ದೂರದಿಂದ ಕೂಗಿದಳು: "ಅಮ್ಮಾರ, ಸ್ವಲ್ಪ ಆ ಕಡಿ ಸರೀರಿ, ಫೋಟೋದಾಗ ಬರಾಕತ್ತೀರಿ!"

ಮಾಸುಂಬಿ ತನ್ನ ಮನೆಯಿಂದ ಎದ್ದು ಹೊರಗೆ ನಿಂತಳು.

ಅಷ್ಟರಲ್ಲಿ ಕೊಕ್ಕೆಕೋಲು ಹಿಡಿದು ಆಡು ಹೊಡೆದುಕೊಂಡು ಒಬ್ಬಾಕೆ ಬಂದಳು. ಯಮನಮ್ಮ ಅಂತ, ಒಡ್ಡಿನ ಪಕ್ಕದ ಹಳ್ಳಿಯವಳು.

"ಯಾರ ಪೈಕಿ ನೀನು?"

"ಇದು ನಮ್ಮ ಮನಿರೀ. ದಸ್ತಗೀರಸಾಬನ ಮಗಳು ನಾ."

"ಇಲ್ಲಿ ಸಾಬರ ಮನಿ ಇದ್ದದ್ದು ನಾ ಕೇಳಿಲ್ಲ ನೋಡವ್ವ," ಎಂದು ಯಮನಮ್ಮ ಮುಂದೆ ನಡೆದಳು.

ಆಡುಗಳು ಹಸಿರು ಕಂಡ ಕಡೆ ಓಡಿದವು. ಮಾಸುಂಬಿ ಕೂಗಿದಳು: "ಆ ಕಡಿ ಬಿಡಬ್ಯಾಡ್ರಿ! ಅಲ್ಲಿ ಬಾವಿ ಐತಿ!"

"ಎಲ್ಲೈತಿ ಬಾವಿ? ಬರೇ ನೆಲ ಐತಲ್ಲ."

"ನಮ್ಮ ಹೊಸ್ತಿಲದಿಂದ ಇಪ್ಪತ್ತೆರಡು ಹೆಜ್ಜಿ. ದಿನಾ ನೀರು ತಂದೀನಿ."

ಯಮನಮ್ಮ ನಕ್ಕಳು. ನಗು ಮುಗಿಯುವ ಮೊದಲೇ ಕಪ್ಪು ಆಡೊಂದು ಕಿರುಚಿತು. ಮೇಲಿನ ಒಣ ಪದರ ಕುಸಿದು ಅದು ಕುತ್ತಿಗೆತನಕ ರಾಡಿಯೊಳಗೆ ಇಳಿದಿತ್ತು.

ಯಮನಮ್ಮ ಓಡಿದಳು. ಮಾಸುಂಬಿ ಅವಳ ಸೆರಗು ಹಿಡಿದು ಎಳೆದಳು. "ನಿಲ್ರಿ, ನೀವೂ ಹೋಗ್ತೀರಿ! ಕೋಲು ಕೊಡ್ರಿ. ನನ್ನ ಕಾಲು ಗಟ್ಟಿ ಹಿಡೀರಿ." ಹೊಟ್ಟೆಯ ಮೇಲೆ ಮಲಗಿ ತೆವಳಿದಳು. ಕೋಲಿನ ಕೊಕ್ಕೆಯನ್ನು ಆಡಿನ ಕೊರಳ ಹಗ್ಗಕ್ಕೆ ಸಿಕ್ಕಿಸಿ ಹತ್ತಿರ ಎಳೆದು, ಕೊಂಬು ಹಿಡಿದಳು. ಇಬ್ಬರೂ ಏದುಸಿರು ಬಿಡುತ್ತ ಅದನ್ನು ಹೊರಗೆ ತಂದರು.

ಯಮನಮ್ಮ ಆಡಿನ ಮೈ ಒರೆಸುತ್ತ ಕೇಳಿದಳು, "ಅಪ್ಪನ ಹೆಸರು ಏನಂದಿ?"

"ದಸ್ತಗೀರಸಾಬ. ಅವ್ವ ಹುಸೇನ್‌ಬೀ."

"ಹುಸೇನ್‌ಬೀ," ಎಂದಳು ಯಮನಮ್ಮ, ನೆನಪಿಟ್ಟುಕೊಳ್ಳುವವಳಂತೆ.

ಇಬ್ಬರೂ ಜಾಲಿಮುಳ್ಳು ಎಳೆದು ತಂದು ಬಾವಿಯ ಸುತ್ತ ಬೇಲಿ ಹಾಕಿದರು. ಯಮನಮ್ಮ ಬುತ್ತಿಯ ರೊಟ್ಟಿ ಮುರಿದು ಕೊಟ್ಟಳು. ಊರಿನಲ್ಲಿ ಯಾರ ಮನೆ ಎಲ್ಲಿತ್ತೆಂದು ಮಾಸುಂಬಿ ತೋರಿಸುತ್ತ ಹೋದಳು, ಯಮನಮ್ಮ ಕೇಳಿಸಿಕೊಂಡಳು. ಆಮೇಲೆ ಆಡುಗಳಿಗೆ ನೀರಡಿಕೆಯಾಯಿತು, ಯಮನಮ್ಮ ಹೊರಟಳು.

ಮಾಸುಂಬಿ ಒಬ್ಬಳೇ ಒಡ್ಡು ಹತ್ತಿದಳು. ಬಸ್ಸಿನಲ್ಲಿ ಪಕ್ಕದ ಸೀಟಿನವಳು ಅವಳ ಸೀರೆಯ ರಾಡಿ ನೋಡಿ ದೂರ ಸರಿದಳು. ಮಾಸುಂಬಿ ಕಿಟಕಿಯತ್ತ ತಿರುಗಿ ಕೂತಳು.