ಗುಂಡಣ್ಣನ ಸೊನ್ನೆ

ಅಕ್ಕ ಪುಸ್ತಕಗಳಿಗೆ ಅಕ್ಷರ ರೂಪಿಸುವವಳು. ಪುಟಗಟ್ಟಲೆ ಓದಿದರೂ ಕಣ್ಣಿಗೆ ಆಯಾಸವಾಗದ ಅಕ್ಷರಕ್ಕಾಗಿ ವರ್ಷಗಳ ಕಾಲ ಬೆನ್ನು ಬಗ್ಗಿಸಿದ್ದಳು. ಓದುವವರಿಗೆ ಅಕ್ಷರ ಇದೆ ಅಂತಲೇ ಅನಿಸಬಾರದು ಎಂದು ಅವಳೇ ಹೇಳುತ್ತಿದ್ದಳು. ಹಾಗೇ ಆಯಿತು, ಯಾರಿಗೂ ಅನಿಸಲಿಲ್ಲ.

ತಂಗಿ ಗೆಳತಿಯ ಐಸ್‌ಕ್ರೀಮ್ ಗಾಡಿಗೆಂದು ತಮಾಷೆಗೆ ಒಂದಿಷ್ಟು ದಪ್ಪ ಅಕ್ಷರ ಬರೆದಳು. ಊದಿದ ಕೆನ್ನೆ, ಮುಂದೆ ಬಂದ ಹೊಟ್ಟೆ, ಒಂದರ ಮೇಲೊಂದು ವಾಲಿಕೊಂಡು ನಿಂತಂಥವು. ಗುಂಡಣ್ಣ ಎಂದು ಹೆಸರಿಟ್ಟು ಫಾಂಟ್ ಮಾಡಿದಳು. ನೋಡನೋಡುತ್ತಲೇ ಗುಂಡಣ್ಣ ಶಾಲಾ ವ್ಯಾನು ಹತ್ತಿದ, ಚಾಕೊಲೇಟ್ ಕಾಗದಕ್ಕೆ ಇಳಿದ, ಆಟಿಕೆ ಅಂಗಡಿಯ ಗಾಜಿನ ಮೇಲೆ ಕುಳಿತ. ಅಕ್ಕ ಬಸ್ಸಿನಲ್ಲಿ ಕಿಟಕಿ ಬಿಟ್ಟು ಒಳಗಡೆ ಕೂರಲು ಶುರುಮಾಡಿದಳು.

ಅಷ್ಟರಲ್ಲಿ ಅಮ್ಮ ತಾನು ನಡೆಸುವ ಮಕ್ಕಳ ಬಟ್ಟೆ ಅಂಗಡಿಗೆ ಹೊಸ ಬೋರ್ಡು ಹಾಕಿಸಲು ಹೊರಟಳು. ಅಂಗಡಿಯ ಹೆಸರು ಪುಟ್ಟಂಗಿ. ಯಾರೂ ಕೇಳದಿದ್ದರೂ ಅಕ್ಕ ಬರೆದುಕೊಟ್ಟಳು. ಅಮ್ಮ ಅದನ್ನು ಹಿಡಿದು ನೋಡಿ, ಚೆಂದವಾಗಿದೆ ಕಣೇ, ಆದರೆ ವಕೀಲರ ಆಫೀಸಿನ ಹಾಗಿದೆ ಎಂದಳು. ಬೋರ್ಡು ಗುಂಡಣ್ಣನ ಪಾಲಾಯಿತು.

ಬೋರ್ಡಿನವನಿಗೆ ಕೊಡುವ ಮುಂಚೆ ತಂಗಿ, ಒಂದು ಸಲ ಕಣ್ಣಾಡಿಸು ಎಂದು ಅಕ್ಕನ ಮುಂದೆ ಹಾಳೆ ಹಾಸಿದಳು. ಅಕ್ಕನಿಗೆ ತಕ್ಷಣ ಕಂಡಿತು: 'ಟ್ಟಂ'ನಲ್ಲಿ ಒತ್ತಕ್ಷರದ ಸಂದೂ ಸೊನ್ನೆಯ ಒಳಗಿನ ತೂತೂ ತೀರಾ ಕಿರಿದು. ದೂರದಿಂದ ಎಲ್ಲ ಕಲೆಸಿ ಮುದ್ದೆಯಾಗುತ್ತದೆ. ಆಗಲಿ ಅನ್ನಿಸಿತು. ಸರಿಯಾಗಿದೆ ಎಂದುಬಿಟ್ಟಳು.

ಆ ದಿನವೆಲ್ಲ ಅವಳಿಗೆ ತನ್ನ ಕೆಲಸ ಕೈಗೆ ಹತ್ತಲಿಲ್ಲ. ಮರುದಿನ ಬೆಳಿಗ್ಗೆ ಬೋರ್ಡಿನವನ ಶೆಡ್ಡಿಗೆ ಹೋದಳು. ಕತ್ತರಿಸಿದ ಅಕ್ಷರಗಳಿಗೆ ಕೆಂಪು ಬಣ್ಣ ಬಿದ್ದಿತ್ತು, ಸೊನ್ನೆಯ ತೂತು ಬಣ್ಣದಲ್ಲೇ ಮುಚ್ಚಿಹೋಗಿತ್ತು. ಇದನ್ನು ಬಿಟ್ಟು ಬೇರೆ ಕತ್ತರಿಸಿ ಎಂದು ಅಲ್ಲೇ ಕೂತು ತಿದ್ದಿ ಬರೆಯತೊಡಗಿದಳು. ಅವನು ಗೊಣಗುತ್ತಾ ತಂಗಿಗೆ ಫೋನ್ ಮಾಡಿದ.

ತಂಗಿ ಓಡುತ್ತಲೇ ಬಂದಳು.

"ನನ್ನ ಅಕ್ಷರ ಮುಟ್ಟೋಕೆ ನಿನಗೆ ಯಾರು ಹೇಳಿದ್ರು?"

"ಇದು ದೂರಕ್ಕೆ ಓದೋಕಾಗಲ್ಲ. ನಿನ್ನೆನೇ ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅಕ್ಕ ಪೆನ್ಸಿಲ್ ಕೆಳಗಿಟ್ಟಳು. "ಹೊಟ್ಟೆಕಿಚ್ಚು ಕಣೇ."

ತಂಗಿ ಕೆಂಪು ಅಕ್ಷರವನ್ನು ಗೋಡೆಗೆ ಒರಗಿಸಿ, ಶೆಡ್ಡಿನ ಬಾಗಿಲವರೆಗೂ ಹೋಗಿ ತಿರುಗಿ ನೋಡಿದಳು. ವಾಪಸ್ಸು ಬಂದು ಸ್ಟೂಲು ಎಳೆದುಕೊಂಡಳು. ಮುಖ ಇನ್ನೂ ಬಿಗಿದೇ ಇತ್ತು.

"ಇನ್ನೂ ಎಲ್ಲೆಲ್ಲಿ ಹೀಗಿದೆ, ತೋರಿಸು."

ಮಧ್ಯಾಹ್ನದವರೆಗೂ ಇಬ್ಬರೂ ಗುಂಡಣ್ಣನ ಹೊಟ್ಟೆ ಅಲ್ಲಲ್ಲಿ ಕರಗಿಸಿದರು.

ಬೋರ್ಡು ಏರಿದ ದಿನ ದಾರಿಹೋಕರೂ ನಿಂತು ನೋಡಿದರು. ಅಮ್ಮ ಬಂದವರಿಗೆಲ್ಲ ನಮ್ಮ ಚಿಕ್ಕವಳು ಬರೆದದ್ದು ಎಂದಳು. ತಂಗಿ ಅಕ್ಕನ ಹೆಸರನ್ನೂ ಹೇಳಿದಳು, ಗದ್ದಲದಲ್ಲಿ ಅದು ಯಾರ ಕಿವಿಗೂ ಬೀಳಲಿಲ್ಲ. ಅಕ್ಕನಿಗೆ ಹಳೆಯ ಹೊಟ್ಟೆಕಿಚ್ಚು ಮತ್ತೆ ಎದ್ದಿತು. ಆದರೂ ರಸ್ತೆ ದಾಟಿ, ಎದುರಿನ ಗೋಡೆಗೆ ಬೆನ್ನು ತಾಗುವವರೆಗೆ ಹಿಂದೆ ಸರಿದು, ಓದಲು ಬರುತ್ತದೋ ಎಂದು ನೋಡಿದಳು. ಬರುತ್ತಿತ್ತು.