ಮಾತು ಬಾರದ ಆಳು

"ಬಾಯಿ ತೆಗೆಸೋ ಅವಳದ್ದು. ನಾಲಿಗೆ ಇದೆಯೋ ಇಲ್ವೋ ನೋಡ್ಬೇಕು."

ಅಮ್ಮಾವ್ರು ಜಗಲಿ ಮೇಲೆ ನಿಂತೇ ಹೇಳಿದರು. ತೋಟದವನು ಹೆಂಡತಿಯ ಗದ್ದ ಹಿಡಿದು ಎತ್ತಿದ. ಅವಳು ಬಾಯಿ ತೆರೆದಳು.

"ನಾಲಿಗೆ ಇದೆ ಅಮ್ಮಾವ್ರೇ, ಮಾತಿಲ್ಲ. ಹುಟ್ಟುಮೂಗಿ."

"ಕಿವಿ?"

"ಕೇಳ್ಸುತ್ತೆ. ಕೂಗಿದ್ರೆ ಓಡಿ ಬರ್ತಾಳೆ."

"ಅಷ್ಟು ಸಾಕು. ಹಿಂದಿನ ಆಯಾ ಇಡೀ ದಿನ ವಟವಟ ಅಂತಿದ್ಲು. ನಿಮ್ಮ ಹಲ್ಕಾ ಮಾತು ಮಗುವಿನ ಕಿವಿಗೆ ಬಿದ್ರೆ ಎಷ್ಟು ತೊಳೆದ್ರೂ ಹೋಗಲ್ಲ."

ಹಿಂದಿನವಳು ಊರಿಂದ ಬಂದುಹೋಗುತ್ತಿದ್ದಳು; ಇನ್ನು ಮೇಲೆ ಹಿತ್ತಲ ಕೋಣೆ ಆಯಾ ಆದವಳಿಗೇ ಎಂದಾಗಿತ್ತು. ಬೇರೆ ಯಾವಳಾದರೂ ಬಂದರೆ ತೋಟದವನ ಸಂಸಾರ ಬೀದಿಗೆ. ಅಮ್ಮಾವ್ರು ಹಿತ್ತಲಿಗೆ ಕಾಲಿಟ್ಟವರಲ್ಲ, ಅವಳ ದನಿ ಕೇಳಿದವರಲ್ಲ. ಹಾಗಾಗಿ, ನಿನ್ನೆಯವರೆಗೂ ಬೀದಿ ನಲ್ಲಿಯ ಹತ್ತಿರ ಎಲ್ಲರ ಬಾಯಿ ಮುಚ್ಚಿಸುತ್ತಿದ್ದವಳು ಅಂದಿನಿಂದ ಮೂಗಿಯಾದಳು.

ಬಂಗಲೆ ದೊರೆಗಳ ಕಾಲದ್ದು. ಅವರು ಹಡಗು ಹತ್ತಿ ಎಷ್ಟೋ ಕಾಲವಾಗಿತ್ತು. ಅವರ ಭಾಷೆ ಒಳಮನೆಯಲ್ಲೇ ಉಳಿದಿತ್ತು. ಸಾಹೇಬರೂ ಅಮ್ಮಾವ್ರೂ ಮಗುವಿನ ಹತ್ತಿರ ಅದನ್ನೇ ಆಡುತ್ತಿದ್ದರು, ಬೆಳಿಗ್ಗೆ ಹೊರಡುವಾಗ ಒಂದಿಷ್ಟು, ಸಂಜೆ ಬಂದ ಮೇಲೆ ಒಂದಿಷ್ಟು. ನಡುವಿನ ಹಗಲೆಲ್ಲ ಮಗುವಿಗೆ ಮೂಗಿಯೇ ಗತಿ. ಎತ್ತರ ಚಾವಣಿಯ ಮಗುವಿನ ಕೋಣೆಯಲ್ಲಿ ತೊಟ್ಟಿಲ ಕೊಕ್ಕೆಯೊಂದೇ ಕಿರುಗುಟ್ಟುತ್ತಿತ್ತು.

ಅವಳ ಅತ್ತೆಯೂ ಅದೇ ಕೊಕ್ಕೆಯ ಕೆಳಗೆ ದೊರೆಯ ಕೂಸನ್ನು ತೂಗಿದವಳು. "ನನಗೆ ಬಾಯಿಗೆ ಬಟ್ಟೆ ಕಟ್ಟಿಸ್ತಿದ್ರು ಕಣೇ," ಎಂದು ಬೊಚ್ಚುಬಾಯಲ್ಲಿ ನಕ್ಕಳು. "ನಿನ್ನ ಕಾಲಕ್ಕೆ ಆ ಬಟ್ಟೆನೂ ಉಳೀತು."

ಒಮ್ಮೆ ಮಗುವಿನ ತಲೆಗೆ ನೀರು ಹೊಯ್ಯುವಾಗ ಸೊಸೆಗೆ ತಡೆಯಲಾಗಲಿಲ್ಲ. "ಕಣ್ಣು ಮುಚ್ಕೋ ಬಂಗಾರಾ," ಎಂದುಬಿಟ್ಟಳು. ಮಗು ಬೆರಗಾಗಿ ಅವಳ ತುಟಿಯನ್ನೇ ನೋಡಿತು.

"ಬಂಗಾ," ಎಂದಿತು.

ಹೊರಗೆ ಅಮ್ಮಾವ್ರ ಚಪ್ಪಲಿ ಸದ್ದು. ಅವಳು ಮಗುವಿನ ಬಾಯಿಗೆ ಅಂಗೈ ಒತ್ತಿದಳು. ಸದ್ದು ದೂರ ಹೋಗುವವರೆಗೂ ತೆಗೆಯಲಿಲ್ಲ. ಮರುದಿನವೂ ಅದು "ಬಂಗಾ" ಎಂದಿತು, ಮತ್ತೆ ಒತ್ತಿದಳು. ಆಮೇಲಾಮೇಲೆ ಒತ್ತಬೇಕಾಗಿಯೇ ಬರಲಿಲ್ಲ. ಕೈ ಎತ್ತಿದರೆ ಸಾಕು, ಮಗು ತುಟಿ ಬಿಗಿಯುತ್ತಿತ್ತು.

ಹಿತ್ತಲ ಕೋಣೆಯಲ್ಲೂ ಅವಳ ಮಾತು ಸವೆಯಿತು. ತನ್ನ ಮಗಳು "ಅವ್ವಾ, ಉಪ್ಪೆಲ್ಲಿ?" ಎಂದರೆ ಬೆರಳು ತೋರಿಸುತ್ತಿದ್ದಳು.

"ಮನೇಲಾದ್ರೂ ಬೈಯೇ ಮಾರಾಯ್ತಿ," ಎಂದ ಗಂಡ. "ಭಯ ಆಗುತ್ತೆ."

ಹಳ್ಳಿ ಶಾಲೆಗಳಲ್ಲಿ ಯಾವ ಭಾಷೆಯಲ್ಲಿ ಕಲಿಸಬೇಕೆಂದು ಆದೇಶ ಹೊರಡಿಸುವುದು ಸಾಹೇಬರ ಕೆಲಸ. ಅವರ ಸಭೆಗೆ ಹೂಕುಂಡ ಹೊತ್ತು ಹೋಗಿದ್ದ ತೋಟದವನು ಬಂದು ಹೇಳಿದ: "ಹೆತ್ತವ್ವನ ಮಾತು ಎದೆಹಾಲಿದ್ದ ಹಾಗೆ ಅಂದ್ರು. ಬಡವರ ಮಕ್ಕಳಿಗೆ ಅದೇ ಸಾಕಂತೆ. ಜನ ಚಪ್ಪಾಳೆ ತಟ್ಟಿದ್ರು. ನಾನೂ ತಟ್ಟಿದೆ."

ಅವಳು ನಕ್ಕಳು. ನಗುವಿಗೂ ಸದ್ದಿರಲಿಲ್ಲ.

ಮೂರು ತುಂಬಿದರೂ ಮಗು ಯಾವ ಭಾಷೆಯನ್ನೂ ಆಡಲಿಲ್ಲ. ಡಾಕ್ಟರರನ್ನು ಚಹಾಕ್ಕೆ ಕರೆದರು. ಮಗುವನ್ನು ಮೇಜಿನ ಮುಂದೆ ನಿಲ್ಲಿಸಿ ಸಾಹೇಬರು ದೊರೆಗಳ ಭಾಷೆಯಲ್ಲಿ ಏನೋ ಕೇಳಿದರು. ಗದರಿಸಿ ಮತ್ತೆ ಕೇಳಿದರು. ಮಗು ಬಾಗಿಲಲ್ಲಿ ನಿಂತಿದ್ದ ಮೂಗಿಯ ಕಡೆ ತಿರುಗಿ, ಎರಡು ಬೆರಳಲ್ಲಿ ಹೊಟ್ಟೆ ತಟ್ಟಿಕೊಂಡು ಗಂಟಲಲ್ಲೇ "ಹ್ಞ" ಎಂದಿತು. ಥೇಟು ಅವಳದೇ ಸನ್ನೆ.

ಡಾಕ್ಟರರು ಅವಳನ್ನೂ ಮಗುವನ್ನೂ ನೋಡಿದರು. ಅಮ್ಮಾವ್ರ ಮುಖ ಬಿಳುಚಿತು.

"ಬೇವರ್ಸಿ ಮುಂಡೆ, ನನ್ನ ಮಗೂನ ತನ್ನ ಹಾಗೇ ಮಾಡಿಟ್ಲಲ್ಲ," ಎಂದರು ಸಾಹೇಬರು. ಬೈಗುಳ ಮಾತ್ರ ಅವಳ ಭಾಷೆಯಲ್ಲೇ ಬಂತು. "ಗಂಟುಮೂಟೆ ಕಟ್ಟು. ಇವತ್ತೇ ಕೋಣೆ ಖಾಲಿ ಆಗ್ಬೇಕು."

"ಅದಕ್ಕೆ ಹಸಿವಾಗಿದೆ."

ತುಕ್ಕು ಹಿಡಿದ ಚಿಲಕ ಎಳೆದಂಥ ದನಿ. ಯಾರದೆಂದು ಎಲ್ಲರೂ ಸುತ್ತ ನೋಡಿದರು.

"ಹಸಿವು ಅಂತಿದೆ ಮಗು," ಎಂದಳು ಅವಳು. "ಮೂಗಿ ಬೇಕು ಅಂದ್ರಿ, ಆದೆ. ಇನ್ನಾಗಲ್ಲ."

ಅಮ್ಮಾವ್ರು ಬಟ್ಟಲು ಕೆಳಗಿಟ್ಟು ಎದ್ದು ನಿಂತರು. ಅವಳು ಅತ್ತ ನೋಡಲಿಲ್ಲ. ರತ್ನಗಂಬಳಿಯ ಮೇಲೆ ಮಂಡಿಯೂರಿ ಎರಡೂ ಕೈ ಚಾಚಿದಳು.

"ಬಾ ಬಂಗಾರಾ. ಅವತ್ತು ಅಂದ್ಯಲ್ಲ, ಇನ್ನೊಂದು ಸಲ ಅನ್ನು. ನನ್ನ ಕಂದಾ, ಜೋರಾಗಿ ಅನ್ನು."

ಮಗು ಓಡಿ ಬಂತು. ಅವಳ ಮಡಿಲು ಹತ್ತಿ, ಹಿಂದೆ ನಿಂತವರನ್ನು ಒಮ್ಮೆ ತಿರುಗಿ ನೋಡಿತು. ಆಮೇಲೆ ತನ್ನ ಪುಟ್ಟ ಅಂಗೈಯನ್ನು ಅವಳ ಬಾಯಿಗೆ ಒತ್ತಿ ಹಿಡಿಯಿತು.