ಟಗರಿನ ಗೂಟ

ನನ್ನ ಗಂಟಲಿನ ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ, ನಾನು ಹೇಳದಿದ್ದರೆ ಬೇರೆಯವರು ಹೇಳಿಯೇ ಹೇಳುತ್ತಾರೆ. ನಾನು ರೂಪ, ಮಂಡ್ಯದ ಒಂದು ಶಾಲೆಯಲ್ಲಿ ಪಿ.ಟಿ. ಟೀಚರ್. ನಾನೂರು ಮಕ್ಕಳನ್ನು ಮೈಕಿಲ್ಲದೆ ಸಾಲಿಗೆ ನಿಲ್ಲಿಸುತ್ತೇನೆ. ಗುತ್ತಲಿನ ನಮ್ಮ ಮನೆಯ ಮಹಡಿಯಿಂದ ಮಗಳನ್ನು ಕೂಗಿದರೆ ಬೀದಿಯ ಆ ತುದಿಯ ಅಂಗಡಿಯವನು ತಲೆಯೆತ್ತಿ ನೋಡುತ್ತಾನೆ. "ಈ ಗಂಟ್ಲು ನಿನ್ನ ಒಂದಿನ ಎಲ್ಗೋ ತಕ್ಕೊಂಡೋಗಿ ನಿಲ್ಲುಸ್ತದೆ ಕಣವ್ವ" ಎಂದು ನಮ್ಮತ್ತೆ ಚಲುವಮ್ಮ ಹೇಳುತ್ತಿದ್ದರು. ನಿಲ್ಲಿಸಿತು.

ಆ ಸಂಗೀತದ ಹಬ್ಬಕ್ಕೆ ಹೋಗೋಣವೆಂದು ಹಟ ಹಿಡಿದವಳೂ ನಾನೇ. ಮದ್ದೂರು ದಾಟಿ ಕೊಕ್ಕರೆ ಬೆಳ್ಳೂರಿನ ಕಡೆ ತಿರುಗಿದರೆ ಶಿಂಷಾ ದಡದಲ್ಲಿ ಒಂದು ದೊಡ್ಡ ತೆಂಗಿನ ತೋಟ. ಅಲ್ಲಿ ಎರಡು ದಿನದ ಸಂಗೀತ. ಟೆಂಟು ಹಾಕಿಕೊಂಡು ಅಲ್ಲೇ ಇರಬಹುದು, ಐದು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ನನ್ನ ಮಗಳು ಸಿಂಚನಳಿಗೆ ಮೂರೂವರೆ ವರ್ಷ, ಮಗ ಪಾಪುವಿಗೆ ಏಳು ತಿಂಗಳು. ನಾಲ್ಕು ವರ್ಷದಿಂದ ನನ್ನ ಕಿವಿಗೆ ಬಿದ್ದ ಸಂಗೀತವೆಂದರೆ ಫೋನಿನ ಶಿಶುಗೀತೆ ಮತ್ತು ಕುಕ್ಕರಿನ ಕೂಗು. ಎರಡು ದಿನ ಮನಸ್ಸು ತುಂಬುವಷ್ಟು ಹಾಡು ಕೇಳಬೇಕು ಅಂತ ಆಸೆಯಿತ್ತು, ಅಷ್ಟೇ.

"ಎಳೇ ಕೂಸ್ಗಳ ಬಯಲಲ್ಲಿ ಮಲಗ್ಸಕೆ ನೀವೇನ್ ಕುರಿ ಕಾಯೋರಾ?" ಎಂದರು ಅತ್ತೆ.

"ಊಂ ಕಣತ್ತೆ, ಬಂಡೂರ್ನೋಳಲ್ವಾ ನಾನು" ಎಂದೆ. ಬಂಡೂರಿನ ನನ್ನ ತವರಿನಲ್ಲಿ ಇವತ್ತಿಗೂ ಅಪ್ಪ ಕುರಿ ಸಾಕುತ್ತಾರೆ.

ಅತ್ತೆ ಸೋತರು, ಆದರೆ ಸಿಂಚನಳ ಕಾಲಿಗೆ ಬೆಳ್ಳಿಯ ಗೆಜ್ಜೆ ಕಟ್ಟದೆ ಹೊಸಿಲು ದಾಟಲು ಬಿಡಲಿಲ್ಲ. ಅವರ ತವರು ನಾಲೆಯ ಪಕ್ಕದ ಊರು. ಅಲ್ಲಿ ನಡೆಯಲು ಕಲಿತ ಮಗುವಿಗೆ, ಗಂಡಾಗಲಿ ಹೆಣ್ಣಾಗಲಿ, ಗೆಜ್ಜೆ ಕಟ್ಟುತ್ತಾರೆ. "ಸದ್ದು ಕೇಳ್ತಿರಗಂಟ ನಿನ್ ಕೆಲ್ಸ ನೋಡ್ಕೊ. ಸದ್ದು ನಿಲ್ತಾ, ಮುಸುರೆ ಕೈಯಲ್ಲೇ ನೀರಿನ್ ಕಡೆ ಓಡು." ನಮ್ಮ ಮನೆಯಲ್ಲೂ ಅದೇ ಅಭ್ಯಾಸವಾಗಿ ಹೋಗಿತ್ತು. ಏನು ಮಾಡುತ್ತಿದ್ದರೂ ಒಂದು ಕಿವಿ ಗೆಜ್ಜೆಯ ಮೇಲೆ. ಬೀರುವಿನಷ್ಟು ದೊಡ್ಡ ಸ್ಪೀಕರುಗಳಿರುವ ಕಡೆ ಹೋಗುತ್ತಿದ್ದೇವೆ, ಅಲ್ಲಿ ಗೆಜ್ಜೆ ಯಾವ ಲೆಕ್ಕ ಎಂದು ಮನೆಯಲ್ಲಿ ಒಬ್ಬರಿಗಾದರೂ ಹೊಳೆಯಬಾರದೆ? ಇಬ್ಬರು ಓದಿದವರು, ಒಬ್ಬರು ಲೋಕ ಕಂಡವರು. ಮೂವರೂ ಪೆದ್ದರೇ.

ಹೊರಡುವ ಹಿಂದಿನ ವಾರ ಫೋನಿಗೆ ಒಂದು ವಿಡಿಯೋ ಬಂದಿತ್ತು, ಮಳವಳ್ಳಿ ಕಡೆ ಮಕ್ಕಳ ಕಳ್ಳರು ಓಡಾಡುತ್ತಿದ್ದಾರೆ ಅಂತ. ಯಾವ ಊರಿನದೋ, ಯಾವ ವರ್ಷದ್ದೋ. ನಿಜವೋ ಸುಳ್ಳೋ ನೋಡದೆ ನಾನದನ್ನು ಶಾಲೆಯ ಪೋಷಕರ ಗುಂಪಿಗೆಲ್ಲ ಕಳಿಸಿದೆ. ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡೇ ಕಳಿಸಿದೆ.

ಶನಿವಾರ ಹನ್ನೊಂದಕ್ಕೆ ತೋಟ ತಲುಪಿದೆವು. ಎಲ್ಲಿ ನೋಡಿದರೂ ಟೆಂಟು, ತಳ್ಳುಗಾಡಿ, ಮಕ್ಕಳ ಬಟ್ಟೆ ಒಣಹಾಕಿದ ಹಗ್ಗ. ಹಬ್ಬದವರು ಕೊಟ್ಟ ಗೂಟಗಳನ್ನು ನನ್ನ ಗಂಡ ಪುನೀತ್ ಬೆರಳಲ್ಲೇ ಬಗ್ಗಿಸಿ ತೋರಿಸಿದರು. "ಇವು ಗೂಟನಾ, ಅಲ್ಲುಕಡ್ಡಿನಾ?" ಮಂಡ್ಯದಲ್ಲಿ ಅವರಿಗೆ ಮೋಟಾರು ವೈಂಡಿಂಗ್ ಅಂಗಡಿ ಇದೆ, ತೆಳ್ಳಗಿನದು ಏನು ಕಂಡರೂ ನಂಬಿಕೆಯಿಲ್ಲ. ಬಂಡೂರಿಗೆ ಹೋದಾಗ ನಮ್ಮಪ್ಪನ ಕೊಟ್ಟಿಗೆಯಿಂದ ಟಗರು ಕಟ್ಟುವ ಕಬ್ಬಿಣದ ಗೂಟ ನಾಲ್ಕು ತಂದಿಟ್ಟುಕೊಂಡಿದ್ದರು. ಒಂದೊಂದೂ ಮೊಳದುದ್ದ, ತುದಿ ಚೂಪು, ತಲೆಗೆ ಬಳೆ. ಅವನ್ನು ಕಲ್ಲಿನಲ್ಲಿ ಬಡಿದು ಟೆಂಟು ನಿಲ್ಲಿಸಿ, "ಈಗ ಬಿರ್ಗಾಳಿ ಬಂದ್ರೂ ನಮ್ ಪಾಪು ನಿದ್ದೆ ಕೆಡಾಕಿಲ್ಲ" ಎಂದರು.

ಬಿರುಗಾಳಿ ಬರಲಿಲ್ಲ, ಕುಡುಕರು ಬಂದರು. ಮೂರು ಗಂಟೆಗೆ ಪಕ್ಕದ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿಗಾಗಿ ಇಬ್ಬರಿಗೆ ಜಗಳ ಹತ್ತಿತು. ಒಬ್ಬ ಬಾಟಲಿ ಒಡೆದು ಬೀಸಿದ, ಇನ್ನೊಬ್ಬನ ಹುಬ್ಬು ಸೀಳಿತು. ಕೊರಳಪಟ್ಟಿ ಹಿಡಿದುಕೊಂಡು ಉರುಳುತ್ತಾ ಬಂದವರು ಸೀದಾ ನಮ್ಮ ಟೆಂಟಿನ ಮೇಲೆ ಬಿದ್ದರು. ಒಳಗೆ ಪಾಪು ಮಲಗಿದ್ದ. ಟೆಂಟಿನ ಕಂಬಿ ಬಗ್ಗಿ ಅವನ ತಲೆಯಿಂದ ಒಂದು ಗೇಣು ಆಚೆ ನೆಲಕ್ಕೆ ಚುಚ್ಚಿತು. ಚಾಪೆಯ ಮೇಲೆ ಆ ಕುಡುಕನ ರಕ್ತ. ಪುನೀತ್ ಜಗಳದ ಮನುಷ್ಯನಲ್ಲ. ಆದರೂ ಅವನನ್ನು ಎತ್ತಿ ನಿಲ್ಲಿಸಿ ಕೆನ್ನೆಗೆ ಬಿಟ್ಟ ಏಟಿಗೆ ಅವನು ಮತ್ತೆ ಕೂತ. ಹಬ್ಬದ ಕಾವಲಿನವರು ಬಂದು ಇಬ್ಬರನ್ನೂ ಎಳೆದುಕೊಂಡು ಹೋದರು. ನಾಲ್ಕು ಗೂಟಗಳಲ್ಲಿ ಒಂದು ಸಡಿಲವಾಗಿತ್ತು.

"ನಡಿ, ಮನೆಗೋಗಾನ" ಎಂದರು ಪುನೀತ್.

"ಇನ್ನೂ ಒಂದು ಹಾಡೂ ನೆಟ್ಟಗೆ ಕೇಳಿಲ್ಲ ಕಣ್ರೀ!"

"ಮಗ ಸತ್ತೋಗಿದ್ರೆ ಯಾವ ಹಾಡು ಕೇಳ್ತಿದ್ದೆ?"

ನಾನೂ ಬಿಡಲಿಲ್ಲ. ಜನ ತಿರುಗಿ ನೋಡುವಷ್ಟು ಕೂಗಾಡಿದೆ. ಕೊನೆಗೆ, "ಸರಿ, ಓಗಿ ಕಾರ್ ತಕ್ಕಬನ್ನಿ" ಎಂದು ಮುಖ ತಿರುಗಿಸಿಕೊಂಡು ಟೆಂಟಿನೊಳಗೆ ಕೂತು ಪಾಪುವಿಗೆ ಹಾಲು ಕೊಡತೊಡಗಿದೆ. ಪುನೀತ್ ಹೊರಟರು. ಸಿಂಚನ ಟೆಂಟಿನ ಸುತ್ತ ಓಡುತ್ತಿದ್ದಳು, ಝಲ್ ಝಲ್ ಎಂದು ಗೆಜ್ಜೆ ಕೇಳುತ್ತಿತ್ತು. ಅಷ್ಟರಲ್ಲಿ ವೇದಿಕೆಯ ಮೇಲೆ ತಮಟೆ ಶುರುವಾಯಿತು. ಹದಿನೈದು ತಮಟೆ, ಎಲ್ಲಕ್ಕೂ ಮೈಕು. ಎದೆಯೊಳಗೇ ಬಡಿದ ಹಾಗಾಯಿತು. ಸಿಟ್ಟಿನಲ್ಲೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಆಗಲೇ ಪುನೀತ್ ತಿರುಗಿ ಬಂದು ಟೆಂಟಿನ ಹೊರಗೆ ನಿಂತು, "ಸಿಂಚನ ಅಳ್ತಾವ್ಳೆ, ಜತೇಲಿ ಕರ್ಕೊಂಡೋಯ್ತೀನಿ ಕಣೆ" ಎಂದು ಕೂಗಿದ್ದರಂತೆ. ನನಗೆ ಕೇಳಿಸಲಿಲ್ಲ. ದಾರಿಯಲ್ಲಿ ಒಂದು ಗೆಜ್ಜೆಯ ಕೊಂಡಿ ಬಿಚ್ಚಿಕೊಂಡಿತಂತೆ. ಕಳೆದುಹೋದರೆ ಅಮ್ಮ ಸುಮ್ಮನಿರುವುದಿಲ್ಲ ಎಂದು ಎರಡನ್ನೂ ಬಿಚ್ಚಿ ಅಂಗಿಯ ಜೇಬಿಗೆ ಹಾಕಿಕೊಂಡರಂತೆ. ಇವೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಹಾಲು ಕುಡಿಸಿ ಹೊರಗೆ ಬಂದರೆ ಮಗಳಿಲ್ಲ. ಸಿಂಚನಾ ಎಂದು ಕೂಗಿದೆ. ಜೀವನದಲ್ಲಿ ಮೊದಲ ಸಲ ನನ್ನ ದನಿ ನನಗೇ ಕೇಳಿಸಲಿಲ್ಲ. ಪುನೀತ್‌ಗೆ ಫೋನ್ ಮಾಡಿದರೆ ಅದು ಟೆಂಟಿನೊಳಗೇ ಬಡಿದುಕೊಂಡಿತು, ಸಿಂಚನ ಅದರಲ್ಲಿ ಹಾಡು ನೋಡಿ ಬಿಸಾಕಿದ್ದಳು. ಪಾಪುವನ್ನು ಸೊಂಟಕ್ಕೆ ಏರಿಸಿಕೊಂಡು ಹೊಳೆಗೆ ಓಡಿದೆ. ಒದ್ದೆ ಮರಳಿನ ಮೇಲೆ ಕೊಕ್ಕರೆ ಹೆಜ್ಜೆ ಬಿಟ್ಟರೆ ಒಂದು ಗುರುತೂ ಇರಲಿಲ್ಲ. ನೀರಿಗೆ ಬಿದ್ದಿಲ್ಲ. ಅಪ್ಪ ಹೊರಟ ಮೇಲೂ ಗೆಜ್ಜೆ ಕೇಳಿದ್ದೆ, ಅವರ ಜತೆಗೂ ಹೋಗಿಲ್ಲ. ಹಾಗಾದರೆ ಉಳಿದದ್ದೇನು? ನನ್ನ ತಲೆಯಲ್ಲಿ ಉಳಿದದ್ದು ಆ ವಿಡಿಯೋ ಒಂದೇ.

ವೇದಿಕೆ ಹತ್ತಿದೆ. ತಮಟೆಯವರನ್ನು ತಳ್ಳಿ ಮೈಕು ಕಿತ್ತುಕೊಂಡೆ. ಮಗು ಕಾಣುತ್ತಿಲ್ಲ ಅನ್ನಬಹುದಿತ್ತು. ನಾನು ಅಂದದ್ದು, "ನನ್ ಮಗೀನ ಯಾರೋ ಕದ್ಕೊಂಡೋಗವ್ರೆ! ಅಸುರು ಲಂಗ, ಕಾಲಲ್ಲಿ ಬೆಳ್ಳಿ ಗೆಜ್ಜೆ! ಇಡ್ಕೊಳ್ಳಿ!"

ತೋಟ ಎದ್ದು ನಿಂತಿತು. ಕುಡುಕರಲ್ಲ, ಪುಂಡರಲ್ಲ, ಅಪ್ಪಂದಿರು ಅಮ್ಮಂದಿರು. ತಮ್ಮ ತಮ್ಮ ಮಕ್ಕಳನ್ನು ಎದೆಗೆ ಅವುಚಿಕೊಂಡು ಅರ್ಧ ಜನ ನಿಂತರು, ಇನ್ನರ್ಧ ಗೇಟಿನ ಕಡೆ, ಕಾರು ನಿಲ್ಲಿಸುವ ಬಯಲಿನ ಕಡೆ ನುಗ್ಗಿದರು. ವೇದಿಕೆಯ ನಿರೂಪಕ ಮೈಕಿನಲ್ಲಿ "ಗೇಟ್ ಮುಚ್ಚಿ, ಒಬ್ಬನ್ನೂ ಬಿಡಬೇಡಿ" ಎಂದು ಅರಚುತ್ತಲೇ ಇದ್ದ. ನಾನು ಪಾಪುವನ್ನು ಸೊಂಟದಲ್ಲಿಟ್ಟುಕೊಂಡೇ ಟೆಂಟಿನ ಹತ್ತಿರ ಬಂದು ಆ ಸಡಿಲವಾಗಿದ್ದ ಗೂಟವನ್ನು ಒಂದೇ ಕೈಯಲ್ಲಿ ಅಲುಗಾಡಿಸಿ ಕಿತ್ತುಕೊಂಡೆ. ಯಾಕೆ ಎಂದು ಕೇಳಬೇಡಿ. ಕೈಗೆ ಒಂದು ಕಬ್ಬಿಣ ಬೇಕಿತ್ತು.

ಬಯಲಿಗೆ ಬರುವ ಹೊತ್ತಿಗೆ ಗುಂಪು ಯಾರನ್ನೋ ಕೆಡವಿತ್ತು. ಅಳುವ ಹೆಣ್ಣುಮಗುವನ್ನು ಬಲವಂತವಾಗಿ ಕಾರಿಗೆ ತುರುಕುತ್ತಿದ್ದನಂತೆ. ಅಪ್ಪ ನಾನು ಅಂದನಂತೆ. "ಎಲ್ಲಾ ಕಳ್ರೂ ಅಂಗೇ ಅನ್ನದು" ಎಂದು ಒಬ್ಬಳು ನನ್ನ ಪಕ್ಕದಲ್ಲೇ ಹೇಳಿದಳು. ಜನರ ಬೆನ್ನುಗಳ ಮೇಲೆ ಸಿಂಚನ ಕಂಡಳು. ಯಾರೋ ಒಬ್ಬ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ. ಬಾಯಿ ಅಗಲಕ್ಕೆ ತೆರೆದು ಅಳುತ್ತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಮಗು ಸಿಕ್ಕಿತ್ತು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳನ್ನು ಇಳಿಸಿಕೊಂಡು, ದೇವರು ದೊಡ್ಡವನು ಎಂದು ಹೊರಟುಬಿಡಬಹುದಿತ್ತು. ಈ ಒಂದು ಗಳಿಗೆಯನ್ನು ನಾನು ದಿನಕ್ಕೆ ಹತ್ತು ಸಲ ನೆನೆಯುತ್ತೇನೆ.

ಗುಂಪಿನ ಒಳಗಿನಿಂದ ಒಬ್ಬ ಗೆಜ್ಜೆಗಳನ್ನು ಎತ್ತಿ ಹಿಡಿದು ಕೂಗಿದ. "ನೋಡ್ರೋ, ಬಿಚ್ಚಿ ಜೇಬಿಗಾಕೊಂಡವ್ನೆ ಬೇವರ್ಸಿ!" ಆ ಬೆಳ್ಳಿ ಕಂಡದ್ದೇ ನನ್ನ ಮೈಯೆಲ್ಲ ಉರಿಯಿತು. ಇವನು ನನ್ನ ಮಗಳ ಕಾಲು ಮುಟ್ಟಿದ್ದಾನೆ. ನಾಳೆ ಭಿಕ್ಷೆಗೆ ಕೂರಿಸಲು ಕೈಯನ್ನೂ ಕುಯ್ಯುತ್ತಿದ್ದ. "ಬುಡಬ್ಯಾಡಿ!" ಎಂದು ಕಿರುಚಿದೆ. "ಬುಡಬ್ಯಾಡಿ ಅವ್ನ! ಒಡೀರಿ! ಕೈ ಮುರೀರಿ!" ಮುಂದಿದ್ದ ಒಬ್ಬ ತಿರುಗಿದ. ಮೂವತ್ತರ ಆಸುಪಾಸು, ಹೆಗಲಲ್ಲಿ ಹಾಲಿನ ಬಾಟಲಿಯಿದ್ದ ಚೀಲ, ನಮ್ಮ ಹಾಗೆಯೇ ಮಗು ಕಟ್ಟಿಕೊಂಡು ಹಾಡು ಕೇಳಲು ಬಂದವನು. ನನ್ನ ಕೈಯನ್ನು ನೋಡಿ "ಕೊಡಕ್ಕ" ಎಂದ.

"ತಕಳಿ" ಎಂದೆ.

ಅವನು ಎರಡೂ ಕೈಯಲ್ಲಿ ಎತ್ತಿ ಇಳಿಸಿದ. ಸದ್ದು ನನಗೆ ಕೇಳಿಸಲಿಲ್ಲ, ಮೈಕಿನ ಅಬ್ಬರ ಹಾಗಿತ್ತು. ಎರಡನೆಯ ಸಲ ಎತ್ತಿದಾಗ ಗೂಟದ ತಲೆಯ ಬಳೆಯಿಂದ ರಕ್ತ ಹಾರಿ ಎದುರಿನವರ ಮುಖಕ್ಕೆ ಸಿಡಿಯಿತು. ಒಬ್ಬ ಪಕ್ಕೆಗೆ ಒದೆಯುತ್ತಿದ್ದ, ದಣಿದು ಕಾಲು ಬದಲಾಯಿಸಿದ. ಒಬ್ಬಳು ಚಪ್ಪಲಿ ಬಿಚ್ಚಿಕೊಂಡಳು. ನನಗೆ ತೃಪ್ತಿಯಾಗುತ್ತಿತ್ತು. ಇದನ್ನೂ ಹೇಳಿಬಿಡಬೇಕು.

ಇದ್ದಕ್ಕಿದ್ದ ಹಾಗೆ ಸದ್ದೆಲ್ಲ ಸತ್ತುಹೋಯಿತು. ಮೈಕಿಲ್ಲ, ಜನರೇಟರಿನ ಗುಡುಗಿಲ್ಲ. ಬಯಲಿನ ಅಂಚಿನಲ್ಲಿ ಜನರೇಟರು ನೋಡಿಕೊಳ್ಳುತ್ತಿದ್ದ ಮದ್ದೂರಿನ ಶಫೀವುಲ್ಲಾ ಅದನ್ನು ಬಂದ್ ಮಾಡಿ ಗುಂಪಿನೊಳಗೆ ನುಗ್ಗಿದ್ದರು. ಬಿದ್ದವನ ಮೇಲೆ ಅಡ್ಡ ಬಿದ್ದರು. ಇಳಿಯುತ್ತಿದ್ದ ಗೂಟ ಅವರ ಮುಂಗೈ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಈ ಸಲ ಎಲ್ಲರಿಗೂ ಕೇಳಿಸಿತು. "ನಿಲ್ಸ್ರಪ್ಪೋ! ನಮ್ ಮೋಟ್ರು ಪುನೀತು ಕಣ್ರಪ್ಪೋ! ಮಗು ಇವ್ರದೇ! ನನ್ ಮೋಟ್ರೆಲ್ಲ ಕಟ್ಕೊಡದು ಇವ್ರೇ ಕಣ್ರೋ!"

ಆ ಮೌನದಲ್ಲಿ ಸಿಂಚನ ಬಿಕ್ಕಿದ್ದು ಕೇಳಿಸಿತು. "ಅಪ್ಪಾ" ಎನ್ನುತ್ತಿದ್ದಳು. ಎಷ್ಟು ಹೊತ್ತಿನಿಂದ ಅದನ್ನೇ ಹೇಳುತ್ತಿದ್ದಳೋ.

ಜನ ಸರಿದರು. ಗೂಟ ನೆಲದ ಮೇಲಿತ್ತು, ಹಿಡಿದಿದ್ದವನು ಇರಲಿಲ್ಲ. ಶಫೀವುಲ್ಲಾ ಜೋತುಬಿದ್ದ ಕೈಯನ್ನು ಎದೆಗೆ ಒತ್ತಿಕೊಂಡು ಎದ್ದರು. ಅವರ ಕೆಳಗಿದ್ದ ಮುಖದಲ್ಲಿ ಗುರುತು ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ. ಬೆಳಿಗ್ಗೆ ನಾನೇ ಇಸ್ತ್ರಿ ಮಾಡಿದ ಅಂಗಿಯಿಂದ ಗುರುತು ಹಿಡಿದೆ.

ದವಡೆ ಎರಡು ಕಡೆ ಮುರಿದಿತ್ತು, ಮೂರು ಪಕ್ಕೆಲುಬು ಹೋಗಿದ್ದವು, ಎಡಗಿವಿ ಪೂರ್ತಿ ಕೆಟ್ಟಿತ್ತು. ಮಂಡ್ಯದ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ. ಪೊಲೀಸರು ಬಂದು "ಗೂಟ ಎಲ್ಲಿಂದ ಬಂತಮ್ಮ?" ಎಂದು ಕೇಳಿದರು. ಟೆಂಟಿನದಿರಬೇಕು ಸಾರ್, ಯಾರು ಕಿತ್ತರೋ ಎಂದೆ. ಪುನೀತ್ ತಂತಿ ಬಿಗಿದ ಬಾಯಲ್ಲಿ, ಏನೂ ನೆನಪಿಲ್ಲ ಎಂದು ಚೀಟಿಯಲ್ಲಿ ಬರೆದುಕೊಟ್ಟರು. ಅತ್ತೆ ಗೆಜ್ಜೆಗಳನ್ನು ಬಟ್ಟೆಯಲ್ಲಿ ಸುತ್ತಿ ಅಕ್ಕಿ ಡಬ್ಬದ ತಳಕ್ಕೆ ಹಾಕಿದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುತ್ತದೆಯೇ ಎನ್ನುತ್ತಾರೆ. ನನ್ನ ಸಿಟ್ಟಿಗೆ ಹೋದದ್ದು ಬೇರೆಯವರ ಕಿವಿ.

ಹೇಳಬೇಕು ಅಂದುಕೊಳ್ಳುತ್ತಿದ್ದೆ. ಗಂಜಿ ಕುಡಿಸುವಾಗ, ಬ್ಯಾಂಡೇಜು ಬದಲಿಸುವಾಗ. ಹೇಳಿದರೆ ಈ ಮನುಷ್ಯ ನನ್ನನ್ನು ಮತ್ತೆ ಹೇಗೆ ನೋಡುತ್ತಾರೆ ಎಂದು ಹೆದರಿ ನುಂಗಿಕೊಂಡೆ. ಹಾಗೆ ಎರಡೂವರೆ ತಿಂಗಳು ಕಳೆಯಿತು.

ಹೋದ ಭಾನುವಾರ ಬೆಳಿಗ್ಗೆ ಪುನೀತ್ ಜಗಲಿಯಲ್ಲಿ ಕುರ್ಚಿ ಹಾಕಿಕೊಂಡು ಬಲಗಿವಿಯನ್ನು ಬೀದಿಗೆ ಕೊಟ್ಟು ಕೂತಿದ್ದರು. ಸಿಂಚನ ಕೆಳಗೆ ಆಡುತ್ತಿದ್ದಳು. ಗೊಂಬೆಯನ್ನು ಬೋರಲು ಮಲಗಿಸಿದ್ದಳು. ಕೈಯಲ್ಲಿ ನನ್ನ ಲಟ್ಟಣಿಗೆ. ನಾನು ಕಾಫಿ ತಂದವಳು ಬಾಗಿಲಲ್ಲೇ ನಿಂತೆ.

"ಬುಡಬ್ಯಾಡಿ!" ಎಂದಳು ಸಿಂಚನ. ನನ್ನದೇ ದನಿ, ನನ್ನದೇ ಎಳೆತ. "ಒಡೀರಿ! ಕೈ ಮುರೀರಿ!" ಆಮೇಲೆ ದನಿ ಬದಲಿಸಿ, "ಕೊಡಕ್ಕ" ಎಂದಳು. ಲಟ್ಟಣಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿದಳು. "ತಕಳಿ."

ಗೊಂಬೆಯ ತಲೆಗೆ ಬಡಿದಳು.

ಲೋಟವನ್ನು ಹೊಸಿಲ ಮೇಲಿಟ್ಟು ಲಟ್ಟಣಿಗೆ ಕಿತ್ತುಕೊಳ್ಳಲು ಹೋದೆ. ಪುನೀತ್ ನಿಧಾನಕ್ಕೆ ತಿರುಗಿ ನನ್ನನ್ನು ನೋಡಿದರು.

"ಮಗೀಗೆ ಬಯ್ಬ್ಯಾಡ" ಎಂದರು. ದವಡೆ ಇನ್ನೂ ಪೂರ್ತಿ ತೆರೆಯುವುದಿಲ್ಲ, ಮಾತು ಒಂದೊಂದೇ ಬರುತ್ತದೆ.

"ನಿಮ್ಗೆ ಗೊತ್ತಿತ್ತಾ?"

"ಗೂಟದ್ದು ಗೊತ್ತಿರ್ನಿಲ್ಲ." ಬಗ್ಗಿ ಗೊಂಬೆಯನ್ನು ಎತ್ತಿಕೊಂಡರು. "ದನಿ ಗೊತ್ತಾಯ್ತು. ನಿನ್ ಗಂಟ್ಲು ನನ್ಗೆ ತಿಳ್ಯಾಕಿಲ್ವೇನೆ ರೂಪಾ? ಅಷ್ಟು ಗದ್ಲದೊಳ್ಗೂ ಕೇಳುಸ್ತು. ಏನಂತಿದ್ದೀಯ ಅಂತ ಗೊತ್ತಾಗ್ನಿಲ್ಲ, ದನಿ ಮಾತ್ರ. ಸದ್ಯ, ಇವ್ಳು ಬಂದ್ಲಲ್ಲ, ಇನ್ನ ನನ್ನ ಬುಡ್ತಾರೆ ಅಂತ, ತಲೆ ಮ್ಯಾಲ್ ಅಡ್ಡ ಇಟ್ಕಂಡಿದ್ದ ಕೈಯ ತಗುದ್ಬುಟ್ಟೆ."